ಗಲ್ಲಾ ತುಂಬಿತೆಂದು ಗೋಡೌನ್ ತುಂಬಿದೆ ಎನ್ನಬೇಡಿ

ಏಡಿ ತಿನ್ನಬಹುದೋ ಬಾರದೋ ಎಂಬ ಮಸ್‌ಅಲಕ್ಕೆ ನಾನು ಕೈ ಹಾಕುವುದಿಲ್ಲ. ಅದು ಉಸ್ತಾದರುಗಳಿಗೆ ಬಿಟ್ಟದ್ದು. ನನ್ನ ಉಮ್ಮ ಇವತ್ತಿನವರೆಗೂ ಅದನ್ನು ಅಡುಗೆಮನೆಯ ಹೊಸ್ತಿಲು ದಾಟಲು ಬಿಟ್ಟಿಲ್ಲ. ಪಕ್ಕದ ಮನೆಯಲ್ಲಿ ವಾರಕ್ಕೊಮ್ಮೆ ಏಡಿ ಸಾರು ಆಗುತ್ತದೆ. ಎರಡೂ ಮನೆಯ ಗಂಡಸರು ಹೋಗುವುದು ಒಂದೇ ಮಸೀದಿಗೆ. ಆ ಚರ್ಚೆ ಅಲ್ಲೇ ಇರಲಿ.

ನನ್ನ ಜಗಳ ಬೇರೆ. ಉಪ್ಪಳದಿಂದ ಕಡಪ್ಪುರಕ್ಕೆ ಹೋಗುವ ದಾರಿಯಲ್ಲಿ ಉಪ್ಪನ ದಿನಸಿ ಅಂಗಡಿ ಇದೆ. ಅಕ್ಕಿ, ಬೆಲ್ಲ, ಬೀಡಿ, ನೈಲಾನ್ ಹಗ್ಗ, ಟಾರ್ಚಿನ ಸೆಲ್ಲು ಎಲ್ಲವೂ ಸಿಗುತ್ತದೆ. ಗಿರಾಕಿಗಳಲ್ಲಿ ಅರ್ಧದಷ್ಟು ಜನ ದೋಣಿಯವರು. ಮಳೆಗಾಲದಲ್ಲಿ ಸಾಲ ಬರೆಸುತ್ತಾರೆ, ಮಳೆ ಬಿಟ್ಟ ಮೇಲೆ ತೀರಿಸುತ್ತಾರೆ. ಆ ತೀರಿಸಿದ ಹಣದಲ್ಲಿ ಬಂಗುಡೆ, ಬೂತಾಯಿಯ ಜೊತೆ ಏಡಿಯ ಪಾಲೂ ಇತ್ತು. ಅಂದರೆ ಏಡಿಯನ್ನು ಬಾಯಿಗಿಡದ ಮನೆಯ ಹುಡುಗ ಏಡಿಯ ಹಣದಲ್ಲೇ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ. ಆಮೇಲೆ ಗಲ್ಫಿನಲ್ಲಿ ಎಸಿ ರಿಪೇರಿ ಮಾಡಿ ಬಂದು, ಈಗ ಊರಲ್ಲೇ ದೋಣಿಯ ಎಂಜಿನ್ ರಿಪೇರಿ ಮಾಡಿಕೊಂಡಿದ್ದೇನೆ. ಹಾಗಾಗಿ ಈ ವಿಷಯದಲ್ಲಿ ಮಾತಾಡುವ ಹಕ್ಕು ನನಗೂ ಸ್ವಲ್ಪ ಇದೆ ಎಂದುಕೊಂಡು ಬರೆಯುತ್ತಿದ್ದೇನೆ.

ಕಳೆದ ಸೀಸನಿನಲ್ಲಿ ಒಂದು ವಾರ ಏಡಿ ರಾಶಿ ಬಿತ್ತು. ಕ್ರೇಟಿನ ಮೇಲೆ ಕ್ರೇಟು ಇಟ್ಟ ವಿಡಿಯೋ ಎಲ್ಲರ ಮೊಬೈಲಿಗೂ ಬಂತು. ಮರುದಿನ ಚಾ ಅಂಗಡಿಯಲ್ಲಿ ನಮ್ಮ ಹಿರಿಯ ವ್ಯಾಪಾರಿಯೊಬ್ಬರು ನನ್ನನ್ನು ನೋಡಿ, ‘ಏಡಿ ಕಡಿಮೆ ಆಗ್ತಾ ಉಂಟು ಅಂತ ಹೇಳ್ತಿದ್ದೆಯಲ್ಲ ಮೋನೆ, ಈಗ ಎಂತ ಹೇಳ್ತೀ?’ ಎಂದು ಕೇಳಿದರು. ಸುತ್ತ ಇದ್ದವರು ನಕ್ಕರು. ಹಿರಿಯರು, ಎದುರು ಮಾತಾಡಲಿಲ್ಲ. ಚಾ ಕುಡಿದು ಬಂದೆ. ಅವರಿಗೆ ಕೊಡಬೇಕಿದ್ದ ಉತ್ತರ ಇದು.

ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಎರಡು ತಿಂಗಳು ನಮ್ಮ ಅಂಗಡಿಯ ಗಲ್ಲಾಪೆಟ್ಟಿಗೆ ಎಂದೂ ಇಲ್ಲದಷ್ಟು ತುಂಬಿತ್ತು. ಸಂಜೆ ನೋಟು ಎಣಿಸುವ ಕೆಲಸ ನನ್ನದು. ‘ಉಪ್ಪ, ವ್ಯಾಪಾರ ಭರ್ಜರಿ’ ಎಂದೆ. ಉಪ್ಪ ಏನೂ ಹೇಳದೆ ನನ್ನನ್ನು ಹಿಂದಿನ ಕೋಣೆಗೆ ಕರೆದುಕೊಂಡು ಹೋದರು. ಗೋಡೌನ್ ಮುಕ್ಕಾಲು ಖಾಲಿ. ಮಂಗಳೂರಿನ ಸಗಟು ವ್ಯಾಪಾರಿ ಸಾಲಕ್ಕೆ ಸಾಮಾನು ಕೊಡುವುದನ್ನು ನಿಲ್ಲಿಸಿದ್ದ. ಇದ್ದ ಸಾಮಾನನ್ನೇ ಮಾರುತ್ತಿದ್ದೆವು, ಹೊಸದು ಬರುತ್ತಿರಲಿಲ್ಲ. ಕೊಡಬೇಕಾದ ಹಣ ಕೊಡದೆ ಇದ್ದುದರಿಂದ ಗಲ್ಲಾ ತುಂಬಿ ಕಾಣುತ್ತಿತ್ತು. ‘ಗಲ್ಲಾ ನೋಡಿ ಅಂಗಡಿಯ ಲೆಕ್ಕ ಹೇಳಬಾರದು, ಗೋಡೌನ್ ನೋಡಿ ಹೇಳಬೇಕು’ ಎಂದರು ಉಪ್ಪ. ಮೂರನೇ ತಿಂಗಳು ಬಾಗಿಲು ಹಾಕುವ ಸ್ಥಿತಿ ಬಂತು. ಉಮ್ಮನ ಎರಡು ಬಳೆ ಹೋದ ಮೇಲೆ ಅಂಗಡಿ ಉಳಿಯಿತು.

ದಕ್ಕೆಗೆ ಬಂದು ಬೀಳುವ ಏಡಿ ಗಲ್ಲಾ. ಸಮುದ್ರದಲ್ಲಿ ಉಳಿದಿರುವ ಏಡಿ ಗೋಡೌನ್. ಮೊದಲನೆಯದನ್ನು ತಕ್ಕಡಿಯಲ್ಲಿ ತೂಗುತ್ತೇವೆ. ಎರಡನೆಯದನ್ನು ನಮ್ಮೂರಲ್ಲಿ ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಹಿಡಿದ ಏಡಿ ಹೆಚ್ಚಾಗಲು ಕಾರಣ ಹತ್ತಿವೆ. ಅದರಲ್ಲಿ ಒಂದು ಕಾರಣ ಸ್ವತಃ ನಾನು. ಹತ್ತು ಎಚ್‌ಪಿಯ ಎಂಜಿನ್ ಇದ್ದ ದೋಣಿಗೆ ಇಪ್ಪತ್ತೈದರದ್ದು ಕೂರಿಸಿಕೊಟ್ಟವನು ನಾನು. ಜಿಪಿಎಸ್ ಹಾಕಿ, ಕಳೆದ ಸಲ ಏಡಿ ಸಿಕ್ಕ ಜಾಗಕ್ಕೇ ನೇರ ಹೋಗುವುದನ್ನು ಹುಡುಗರಿಗೆ ಕಲಿಸಿದವನೂ ನಾನೇ. ಬಲೆ ಉದ್ದವಾಯಿತು, ದೋಣಿ ದೂರ ಹೋಯಿತು, ಏಡಿ ಗುಂಪುಗೂಡುವ ಜಾಗ ಗೊತ್ತಾಯಿತು. ಇಷ್ಟೆಲ್ಲ ಆದ ಮೇಲೂ ದೋಣಿಗೆ ಸಿಗುವುದು ಮೊದಲಿನಷ್ಟೇ ಎಂದರೆ ಸಮುದ್ರದಲ್ಲಿ ಇರುವುದು ಮೊದಲಿಗಿಂತ ಕಡಿಮೆ ಎಂದೇ ಅರ್ಥ. ಹಾಗಾಗಿ ಇವತ್ತು ಎಷ್ಟು ಕಿಲೋ ಎಂದು ಕೇಳಿ ಪ್ರಯೋಜನವಿಲ್ಲ. ಒಂದು ಲೀಟರ್ ಸೀಮೆಎಣ್ಣೆಗೆ ಎಷ್ಟು ಕಿಲೋ ಎಂದು ಕೇಳಿ. ಆ ಪ್ರಶ್ನೆ ಕೇಳಿದಾಗ ದೋಣಿಯವರ ಮುಖ ಸಣ್ಣದಾಗುವುದನ್ನು ನಾನು ದಿನಾ ನೋಡುತ್ತೇನೆ.

ಈಗ ಏಡಿ ಬೆಳೆಯುವ ರೀತಿಗೆ ಬರೋಣ. ದಿನಾ ಮಾರುವವರಿಗೂ ಇದು ಪೂರ್ತಿ ಗೊತ್ತಿಲ್ಲ.

ನಮ್ಮ ಮಾರುಕಟ್ಟೆಗೆ ಬರುವ ಸಮುದ್ರದ ಏಡಿಯಲ್ಲಿ ಮುಖ್ಯವಾಗಿ ಮೂರು ಬಗೆ. ಬೆನ್ನಿನ ಮೇಲೆ ಮೂರು ಕೆಂಪು ಚುಕ್ಕಿ ಇರುವುದು, ಶಿಲುಬೆಯ ಗುರುತು ಇರುವುದು, ಮತ್ತು ನೀಲಿ ಏಡಿ. ನೀಲಿ ಏಡಿಯಲ್ಲಿ ಗಂಡು ಮಾತ್ರ ನೀಲಿ. ಹೆಣ್ಣು ಕಂದು ಬಣ್ಣ. ಮಗುಚಿ ಹೊಟ್ಟೆ ನೋಡಿದರೆ ಗಂಡಿನ ಮುಚ್ಚಳ ಕಿರಿದು, ಹೆಣ್ಣಿನದು ಅಗಲ, ದುಂಡು. ಇಷ್ಟು ಎಲ್ಲರಿಗೂ ಗೊತ್ತು.

ಗೊತ್ತಿಲ್ಲದ್ದು ಏನೆಂದರೆ, ಏಡಿ ನಮ್ಮ ಮಕ್ಕಳ ಹಾಗೆ ದಿನಾ ಸ್ವಲ್ಪ ಸ್ವಲ್ಪ ಬೆಳೆಯುವುದಿಲ್ಲ. ಚಿಪ್ಪು ಹಿಗ್ಗುವ ವಸ್ತುವಲ್ಲ. ಒಳಗೆ ಜಾಗ ಸಾಲದಾದಾಗ ಏಡಿ ಹಳೆ ಚಿಪ್ಪನ್ನು ಬಿರಿದು ಹೊರಗೆ ಬರುತ್ತದೆ. ಆಗ ಮೈ ಮೆತ್ತಗೆ. ನೀರು ಹೀರಿ ಉಬ್ಬುತ್ತದೆ. ಉಬ್ಬಿದ ಅಳತೆಗೆ ಹೊಸ ಚಿಪ್ಪು ಗಟ್ಟಿಯಾಗುತ್ತದೆ. ಮುಂದಿನ ಸಲ ಕಳಚುವವರೆಗೆ ಅಗಲ ಅಷ್ಟೇ. ಅಂದರೆ ಬೆಳವಣಿಗೆ ಮೆಟ್ಟಿಲಿನ ಹಾಗೆ. ಹೊಸದಾಗಿ ಚಿಪ್ಪು ಕಳಚಿದ ಏಡಿಯಲ್ಲಿ ಮಾಂಸಕ್ಕಿಂತ ನೀರೇ ಜಾಸ್ತಿ. ಬೇಯಿಸಿದ ಮೇಲೆ ಒಳಗೆ ಏನೂ ಇಲ್ಲ ಎಂದು ಗಿರಾಕಿ ಬೈಯುವುದು ಇದಕ್ಕೇ. ಹೆಣ್ಣು ಗಂಡಿನೊಡನೆ ಕೂಡುವುದೂ ಈ ಮೆತ್ತಗಿನ ಹೊತ್ತಿನಲ್ಲೇ. ಒಮ್ಮೆ ಕೂಡಿದರೆ ಬೀಜವನ್ನು ಒಳಗೆ ಕಾಪಿಟ್ಟುಕೊಂಡು ಒಂದಕ್ಕಿಂತ ಹೆಚ್ಚು ಸಲ ಮೊಟ್ಟೆ ಇಡಬಲ್ಲದು.

ಚಿಪ್ಪನ್ನೇ ಬಿಸಾಡುವ ಪ್ರಾಣಿಯ ವಯಸ್ಸು ಹೇಳುವುದು ಹೇಗೆ? ಮೀನಿಗಾದರೆ ಕಿವಿಯೊಳಗಿನ ಕಲ್ಲಿನಲ್ಲಿ ಮರದ ಉಂಗುರದ ಹಾಗೆ ಗೆರೆಗಳಿರುತ್ತವೆ. ಏಡಿಗೆ ಅದೂ ಇಲ್ಲ. ಹಾಗಾಗಿ ವಿಜ್ಞಾನಿಗಳು ಪ್ರತಿ ತಿಂಗಳು ನೂರಾರು ಏಡಿಗಳ ಅಗಲ ಅಳೆದು, ಯಾವ ಅಳತೆಯವು ಎಷ್ಟಿವೆ ಎಂದು ಬರೆದಿಡುತ್ತಾರೆ. ಯೂನಿಫಾರ್ಮ್ ಮಾರುವ ಬಟ್ಟೆ ಅಂಗಡಿಯವನಿಗೆ ಈ ವಿದ್ಯೆ ಗೊತ್ತು. ಈ ವರ್ಷ 24ರ ಸೈಜು ಜಾಸ್ತಿ ಹೋದರೆ ಮುಂದಿನ ವರ್ಷ 26 ಜಾಸ್ತಿ ಹೋಗುತ್ತದೆ, ಯಾಕೆಂದರೆ ಅದೇ ಮಕ್ಕಳು ದೊಡ್ಡವರಾಗಿರುತ್ತಾರೆ. ಹಾಗೆಯೇ ಏಡಿಯ ಗುಂಪು ತಿಂಗಳಿಂದ ತಿಂಗಳಿಗೆ ಎಷ್ಟು ಮುಂದೆ ಸರಿಯಿತು ಎಂದು ನೋಡಿ ಬೆಳವಣಿಗೆಯ ವೇಗ ಹೇಳುತ್ತಾರೆ.

ಸುಕುಮಾರನ್ ಮತ್ತು ನೀಲಕಂಠನ್ ಎಂಬ ವಿಜ್ಞಾನಿಗಳು 1990ರ ದಶಕದಲ್ಲೇ ನಮ್ಮ ಈ ನೈಋತ್ಯ ಕರಾವಳಿಯ ನೀಲಿ ಏಡಿ ಮತ್ತು ಮೂರು ಚುಕ್ಕಿ ಏಡಿಯ ಬೆಳವಣಿಗೆಯನ್ನು ಹೀಗೆ ಅಳೆದು ಪ್ರಕಟಿಸಿದ್ದಾರೆ. ಲೆಕ್ಕ ಸುಲಭವಾಗಲಿ ಎಂದು ನಾನು ದುಂಡು ಸಂಖ್ಯೆ ಹಿಡಿಯುತ್ತೇನೆ. ನೀಲಿ ಏಡಿ ಹೆಚ್ಚೆಂದರೆ ಸುಮಾರು 20 ಸೆಂ.ಮೀ. ಅಗಲಕ್ಕೆ ಬೆಳೆಯುತ್ತದೆ ಎಂದುಕೊಳ್ಳಿ, ವೇಗದ ಅಂಕ ವರ್ಷಕ್ಕೆ 1. ಸೂತ್ರಕ್ಕೆ ಹಾಕಿದರೆ ಆರು ತಿಂಗಳಿಗೆ ಸುಮಾರು 8 ಸೆಂ.ಮೀ., ಒಂದು ವರ್ಷಕ್ಕೆ 12.6, ಎರಡು ವರ್ಷಕ್ಕೆ 17. ಮೊದಲ ವರ್ಷ ಓಟ, ಆಮೇಲೆ ನಡಿಗೆ.

ಈಗ ತೂಕ. ಅಗಲ ಎರಡರಷ್ಟಾದರೆ ತೂಕ ಸುಮಾರು ಎಂಟರಷ್ಟು, ಯಾಕೆಂದರೆ ಏಡಿ ಅಗಲ, ಉದ್ದ, ದಪ್ಪ ಮೂರರಲ್ಲೂ ಬೆಳೆಯುತ್ತದೆ. 8 ಸೆಂಟಿಮೀಟರಿನದು 12.6 ಆಗುವಷ್ಟರಲ್ಲಿ ತೂಕ ನಾಲ್ಕು ಪಟ್ಟಾಗುತ್ತದೆ. ಅದೂ ಬರೀ ಆರು ತಿಂಗಳಲ್ಲಿ.

ಇದನ್ನು ಅಂಗಡಿಯ ಲೆಕ್ಕದಲ್ಲಿ ನೋಡಿ. ಇವತ್ತು ನೂರು ಸಣ್ಣ ಏಡಿ ಹಿಡಿದಿರಿ, ಮೂರು ಕಿಲೋ ತೂಗಿದವು ಎಂದಿಟ್ಟುಕೊಳ್ಳಿ. ಅವನ್ನು ಬಿಟ್ಟಿದ್ದರೆ ಆರು ತಿಂಗಳಲ್ಲಿ ಅರ್ಧ ಸತ್ತೇ ಹೋದವು, ಮೀನು ತಿಂದಿತು, ಒಂದನ್ನೊಂದು ತಿಂದವು ಎಂದೇ ಹಿಡಿಯೋಣ. ಉಳಿದ ಐವತ್ತು ಆರು ಕಿಲೋ ತೂಗುತ್ತವೆ. ಅವೆಲ್ಲವೂ ನಿಮ್ಮ ಬಲೆಗೇ ಬೀಳುವುದಿಲ್ಲ, ಸರಿ. ಆದರೆ ಬಿದ್ದಷ್ಟಕ್ಕೆ ದೊಡ್ಡ ಏಡಿಯ ದರ ಸಿಗುತ್ತದೆ. ಸಣ್ಣದನ್ನು ಮಾರುವವನು ಕಾಯಿ ಬಲಿಯುವ ಮೊದಲೇ ತೆಂಗಿನ ತೋಟ ಬೋಳಿಸಿದವನ ಹಾಗೆ. ಅಂಥವನನ್ನು ನಾವು ವ್ಯಾಪಾರಿ ಎಂದು ಕರೆಯುವುದಿಲ್ಲ.

ಇಲ್ಲಿ ನನಗೆ ನಿಜವಾಗಿ ಸಿಟ್ಟು ಬರುವುದು ದೋಣಿಯವರ ಮೇಲಲ್ಲ. ಖರೀದಿ ಮಾಡುವ ನಮ್ಮವರ ಮೇಲೆ. ಏಲಂನಲ್ಲಿ ಸಣ್ಣದು ದೊಡ್ಡದು ಸೇರಿಸಿ ಕ್ರೇಟಿಗೆ ಒಂದೇ ದರ ಕೂಗುವವರು ಯಾರು? ಕಾರ್ಡಿನ ಹುಡುಗ ‘ಮೊಟ್ಟೆ ಏಡಿ ಉಂಟಾ?’ ಎಂದು ಬರುವ ಗಿರಾಕಿಗೆಂದೇ ಅದನ್ನು ಬೇರೆ ತೆಗೆದಿಡುತ್ತಾನಲ್ಲ, ಅವನಿಗೆ ಹಾಗೆ ಹೇಳಿಕೊಟ್ಟವರು ಯಾರು? ಸಣ್ಣದಕ್ಕೆ ದರವೇ ಇಲ್ಲ ಎಂದು ಒಂದು ವಾರ ಹೇಳಿದರೆ ಎರಡನೇ ವಾರ ಅದು ದಕ್ಕೆಗೆ ಬರುವುದೇ ಇಲ್ಲ. ಆ ಶಕ್ತಿ ಸರಕಾರಕ್ಕಿಂತ ನಮ್ಮ ಕೈಯಲ್ಲಿ ಜಾಸ್ತಿ ಇದೆ. ನಾವು ಬಳಸಿಲ್ಲ.

‘ಒಂದು ಏಡಿ ಲಕ್ಷಗಟ್ಟಲೆ ಮೊಟ್ಟೆ ಇಡುತ್ತದೆ, ನೀನು ಹಿಡಿದರೆಷ್ಟು ಬಿಟ್ಟರೆಷ್ಟು’ ಎನ್ನುವವರಿದ್ದಾರೆ. ಮೊಟ್ಟೆಯ ಲೆಕ್ಕ ಸರಿ. ದೊಡ್ಡ ಹೆಣ್ಣು ಹೊಟ್ಟೆಯಡಿ ಹೊತ್ತ ಮೊಟ್ಟೆ ಹತ್ತು ಲಕ್ಷ ದಾಟುವುದೂ ಉಂಟು. ಆದರೆ ಮುಂದಿನ ಲೆಕ್ಕ ಯಾರೂ ಮಾಡುವುದಿಲ್ಲ. ಹತ್ತು ಲಕ್ಷ ಮೊಟ್ಟೆ ಇಟ್ಟ ಹೆಣ್ಣಿನ ಮಕ್ಕಳಲ್ಲಿ ಸರಾಸರಿ ಎರಡು ಮಾತ್ರ ದೊಡ್ಡದಾಗಿ ತಂದೆ ತಾಯಿಯ ಜಾಗ ತುಂಬಿದರೆ ಏಡಿಯ ಸಂಖ್ಯೆ ಇದ್ದಷ್ಟೇ ಇರುತ್ತದೆ. ಮೂರು ಉಳಿದರೆ ಮುಂದಿನ ಪೀಳಿಗೆ ಒಂದೂವರೆ ಪಟ್ಟು. ಒಂದೇ ಉಳಿದರೆ ಅರ್ಧಕ್ಕರ್ಧ. ಹತ್ತು ಲಕ್ಷದ ಆಟ ನಿಂತಿರುವುದು ಆ ಒಂದು, ಎರಡು, ಮೂರರ ಮೇಲೆ. ಉಳಿದದ್ದೆಲ್ಲ ಸಮುದ್ರದ ಹೊಟ್ಟೆಗೆ. ಮೊಟ್ಟೆ ಒಡೆದು ಬರುವ ಮರಿ ಏಡಿಯ ಹಾಗೆ ಕಾಣುವುದೂ ಇಲ್ಲ. ಎರಡು ಮೂರು ವಾರ ನೀರಿನಲ್ಲಿ ತೇಲುತ್ತಾ ರೂಪ ಬದಲಿಸಿ ಬದಲಿಸಿ ಕೊನೆಗೆ ಏಡಿಯಾಗುತ್ತದೆ. ಆ ದಾರಿಯೆಲ್ಲ ದಾಟಿ ಬಂದು ಎಂಟು ಸೆಂಟಿಮೀಟರ್ ಆದದ್ದನ್ನು ನಾವು ಕ್ರೇಟಿಗೆ ಹಾಕುತ್ತೇವೆ.

ಸಂಖ್ಯೆ ಏರುವುದಕ್ಕೂ ಒಂದು ಗತಿ ಇದೆ. ಸಮುದ್ರ ಖಾಲಿಯಾದರೆ ಮರಿ ಹಾಕುವ ತಾಯಿಯೇ ಇಲ್ಲ, ಏರಿಕೆ ನಿಧಾನ. ಸಮುದ್ರ ತುಂಬಿ ತುಳುಕಿದರೆ ಆಹಾರ ಸಾಲದು, ದೊಡ್ಡದು ಸಣ್ಣದನ್ನು ತಿನ್ನುತ್ತದೆ, ಆಗಲೂ ಏರಿಕೆ ನಿಲ್ಲುತ್ತದೆ. ನಡುವೆ ಎಲ್ಲೋ ಒಂದು ಹದ ಇದೆ, ಅಲ್ಲಿ ಏರಿಕೆ ಅತಿ ಜೋರು. ಆ ಹದದಲ್ಲಿ ನಿಲ್ಲಿಸಿ, ಏರಿದಷ್ಟನ್ನು ಮಾತ್ರ ತೆಗೆದರೆ ನಮ್ಮ ಮೊಮ್ಮಕ್ಕಳ ಕಾಲದವರೆಗೆ ತೆಗೆಯಬಹುದು. ಬಡ್ಡಿಯ ಉದಾಹರಣೆ ಕೊಟ್ಟರೆ ನಮ್ಮವರು ಗದರಿಸುತ್ತಾರೆ, ಆಡಿನ ಉದಾಹರಣೆ ಕೊಡುತ್ತೇನೆ. ಮರಿ ಮಾರಿ ಬದುಕುವವನ ಹಿಂಡು ಉಳಿಯುತ್ತದೆ, ಗಬ್ಬದ ಆಡನ್ನು ಕಡಿಯುವವನದ್ದು ಉಳಿಯುವುದಿಲ್ಲ. ಗಬ್ಬದ ಆಡನ್ನು ಕಸಾಯಿಯೂ ಮುಟ್ಟಲು ಹಿಂದೆ ಮುಂದೆ ನೋಡುತ್ತಾನೆ. ಮೊಟ್ಟೆ ಹೊತ್ತ ಏಡಿಗೆ ಮಾತ್ರ ನಾವು ಜಾಸ್ತಿ ದರ ಕೊಡುತ್ತೇವೆ.

‘ಸಮುದ್ರದೊಳಗಿನ ಏಡಿಯನ್ನು ಎಣಿಸಿದವರು ಯಾರು?’ ಎಂದು ಕೇಳುತ್ತೀರಿ. ಎಣಿಸುವವರಿದ್ದಾರೆ. ಅಮೆರಿಕದಲ್ಲಿ ಚೆಸಪೀಕ್ ಎಂಬ ದೊಡ್ಡ ಕೊಲ್ಲಿ ಇದೆ. ಅದರ ಮೇಲಿನ ಅರ್ಧ ಮೇರಿಲ್ಯಾಂಡ್ ರಾಜ್ಯದ್ದು, ಕೆಳಗಿನ ಅರ್ಧ ವರ್ಜೀನಿಯಾದ್ದು. ಅಲ್ಲಿಯದೂ ನೀಲಿ ಏಡಿ, ಬೇರೆ ಜಾತಿಯದು. ಚಳಿಗಾಲದಲ್ಲಿ ಅದು ಕೆಸರಿನೊಳಗೆ ಹೂತುಕೊಂಡು ಅಲುಗಾಡದೆ ಇರುತ್ತದೆ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಎರಡೂ ರಾಜ್ಯದವರು ಸೇರಿ ಸುಮಾರು 1,500 ಜಾಗಗಳಲ್ಲಿ ಕೆಸರು ಕೆರೆದು, ಬಂದ ಏಡಿಗಳನ್ನು ಎಣಿಸಿ, ಗಂಡು ಹೆಣ್ಣು ನೋಡಿ, ಅಗಲ ಅಳೆದು, ಇಡೀ ಕೊಲ್ಲಿಯ ಲೆಕ್ಕ ಕಟ್ಟುತ್ತಾರೆ. 1990ರಿಂದ ವರ್ಷಾ ವರ್ಷ ನಡೆಯುತ್ತಿದೆ. ಉಪ್ಪ ಮಾರ್ಚ್ ಕೊನೆಗೆ ಅಂಗಡಿಯ ಬಾಗಿಲು ಅರ್ಧ ಎಳೆದು ಮಾಡುವ ಸ್ಟಾಕ್ ಎಣಿಕೆ ಇದೇ.

ಎಣಿಸಿದ್ದರಿಂದ ಏನಾಯಿತು? 2007ರಲ್ಲಿ ಲೆಕ್ಕ 25 ಕೋಟಿಯ ಆಸುಪಾಸಿಗೆ ಇಳಿದದ್ದು ಕಣ್ಣಿಗೆ ಬಿತ್ತು. 2008ರಲ್ಲಿ ಎರಡು ರಾಜ್ಯಗಳೂ ಸೇರಿ ಹೆಣ್ಣು ಏಡಿ ಹಿಡಿಯುವುದನ್ನು ಮೂರನೇ ಒಂದರಷ್ಟು ಕಡಿತ ಮಾಡಿದವು. ಚಳಿಗಾಲದಲ್ಲಿ ಕೆಸರು ಕೆರೆದು ಏಡಿ ಹಿಡಿಯುವ ಮೀನುಗಾರಿಕೆಯನ್ನು ವರ್ಜೀನಿಯಾ ನಿಲ್ಲಿಸಿತು. ಅದರಲ್ಲಿ ಸಿಗುತ್ತಿದ್ದದ್ದು ಹೆಚ್ಚಾಗಿ ಹೆಣ್ಣು. ಬೊಬ್ಬೆ ಎದ್ದಿತು. 2010ರ ಎಣಿಕೆಯಲ್ಲಿ ಸಂಖ್ಯೆ 60 ಕೋಟಿ ದಾಟಿತ್ತು.

ಕಥೆ ಇಲ್ಲಿಗೇ ಮುಗಿದಿದ್ದರೆ ನಾನೂ ಚಾ ಅಂಗಡಿಯ ವಿಡಿಯೋ ತೋರಿಸುವವನ ಸಾಲಿಗೇ ಸೇರುತ್ತಿದ್ದೆ. ಮುಂದೆ ಕೇಳಿ. 2012ರಲ್ಲಿ ಎಣಿಕೆ 76 ಕೋಟಿಗೆ ಏರಿತು. ಅದರಲ್ಲಿ 58 ಕೋಟಿಯಷ್ಟು ಮರಿ ಏಡಿಗಳೇ. ಎಲ್ಲರಿಗೂ ಸಂತೋಷ. ಮರುವರ್ಷ, 2013ರಲ್ಲಿ, ಒಟ್ಟು 30 ಕೋಟಿ. ಮರಿಗಳು ಬರೀ 11 ಕೋಟಿ. ಒಂದೇ ವರ್ಷದಲ್ಲಿ ಅರ್ಧಕ್ಕಿಂತ ಕೆಳಗೆ. 2019ರಲ್ಲಿ ಮತ್ತೆ 59 ಕೋಟಿ, 2022ರಲ್ಲಿ 23 ಕೋಟಿಗಿಂತ ಕಡಿಮೆ. ಎಣಿಕೆ ಶುರುವಾದ ಮೇಲೆ ಅಷ್ಟು ಕೆಳಗೆ ಹೋದದ್ದು ಅದೇ ಮೊದಲು. 2023ರಲ್ಲಿ 32 ಕೋಟಿ, 2025ರಲ್ಲಿ ಪುನಃ 24 ಕೋಟಿಯ ಹತ್ತಿರ.

ಏಡಿಯ ಸಂಖ್ಯೆಯ ಗುಣವೇ ಇದು. ಆಯುಷ್ಯ ಎರಡು ಮೂರು ವರ್ಷ. ಒಂದು ವರ್ಷದ ಗಾಳಿ, ನೀರು, ಒತ್ತಡ ಸರಿಯಾಗಿದ್ದರೆ ಮರಿಗಳ ರಾಶಿ, ಇಲ್ಲದಿದ್ದರೆ ಬರ. ಆನೆಯ ಹಾಗೆ ನಿಧಾನವಾಗಿ ಕಡಿಮೆಯಾಗಿ ಮುನ್ಸೂಚನೆ ಕೊಡುವ ಪ್ರಾಣಿಯಲ್ಲ. ಹಾಗಾಗಿ ಒಂದು ವಾರದ ರಾಶಿಯಿಂದ ‘ಹೆಚ್ಚಾಗಿದೆ’ ಎಂದೂ ಹೇಳಬಾರದು, ಒಂದು ವಾರದ ಬರದಿಂದ ‘ಮುಗಿಯಿತು’ ಎಂದೂ ಹೇಳಬಾರದು. ವರ್ಷಾ ವರ್ಷ ಎಣಿಸಿದವನಿಗೆ ಮಾತ್ರ ಮಾತಾಡುವ ಹಕ್ಕು. ನಮ್ಮ ಹಿರಿಯ ವ್ಯಾಪಾರಿಗೆ ನನ್ನ ಮೊದಲ ಉತ್ತರ ಇದೇ: ಇಬ್ಬರ ಹತ್ತಿರವೂ ಪುಸ್ತಕ ಇಲ್ಲ ಕಾಕಾ, ನಿಮ್ಮ ಹತ್ತಿರವೂ ಇಲ್ಲ, ನನ್ನ ಹತ್ತಿರವೂ ಇಲ್ಲ. ವ್ಯತ್ಯಾಸ ಇಷ್ಟೇ, ನಾನು ಪುಸ್ತಕ ಬೇಕು ಎನ್ನುತ್ತಿದ್ದೇನೆ.

‘ಕಡಿಮೆಯಾದರೆ ಸ್ವಲ್ಪ ದಿನ ನಿಲ್ಲಿಸಿದರಾಯಿತು, ತಾನಾಗಿ ಬರುತ್ತದೆ’ ಎನ್ನುವ ಧೈರ್ಯಶಾಲಿಗಳಿಗೆ ಆಸ್ಟ್ರೇಲಿಯಾದ ಕಥೆ. ಪರ್ತ್ ನಗರದ ಪಕ್ಕ ಕಾಕ್‌ಬರ್ನ್ ಸೌಂಡ್ ಎಂಬ ಜಾಗ. ಅಲ್ಲಿಯ ಏಡಿ ನಮ್ಮ ನೀಲಿ ಏಡಿಯ ಹತ್ತಿರದ ಸಂಬಂಧಿ. 2010ರವರೆಗೆ ಎರಡನ್ನೂ ಒಂದೇ ಜಾತಿ ಎಂದೇ ಲೆಕ್ಕ ಹಾಕುತ್ತಿದ್ದರು. ಅಲ್ಲಿ 127 ಮಿಲಿಮೀಟರಿಗಿಂತ ಸಣ್ಣದು ಹಿಡಿಯಬಾರದು ಎಂಬ ನಿಯಮ ಇತ್ತು. ಆದರೂ ಚಳಿಗಾಲದಲ್ಲಿ, ಮೊಟ್ಟೆ ಇಡುವ ಮೊದಲೇ, ಕೂಡಿ ಆದ ಹೆಣ್ಣುಗಳು ಬೋನಿಗೆ ಬಿದ್ದವು. ಅದೇ ಹೊತ್ತಿಗೆ ನೀರು ತಣ್ಣಗಿದ್ದ ವರ್ಷಗಳು ಬಂದವು. ಎರಡೂ ಸೇರಿ ಏಡಿ ಕುಸಿಯಿತು. 2006ರ ಡಿಸೆಂಬರಿನಲ್ಲಿ ಮೀನುಗಾರಿಕೆ ನಿಲ್ಲಿಸಿದರು. ಮೂರು ವರ್ಷ ಕಾದು 2009ರಲ್ಲಿ ತೆರೆದರು. 2014ರಲ್ಲಿ ಪುನಃ ಮುಚ್ಚಬೇಕಾಯಿತು. ಗೋಡೌನ್ ಒಮ್ಮೆ ಪೂರ್ತಿ ಖಾಲಿ ಮಾಡಿದರೆ ಬಾಗಿಲು ತೆರೆದ ಕೂಡಲೇ ಸಾಮಾನು ಬರುವುದಿಲ್ಲ.

‘ಎಲ್ಲ ಹವಾಮಾನದಿಂದ, ನಾವೇನು ಮಾಡಲಿಕ್ಕಾಗುತ್ತದೆ?’ ಇದು ಓದಿದವರ ಮಾತು. ಇದರಲ್ಲಿ ಸತ್ಯವಿಲ್ಲ ಎಂದು ನಾನು ಹೇಳುವುದಿಲ್ಲ. ಅಲಾಸ್ಕಾದ ಬೇರಿಂಗ್ ಸಮುದ್ರದಲ್ಲಿ 2018ರ ನಂತರ ಸಾವಿರ ಕೋಟಿಗೂ ಹೆಚ್ಚು ಹಿಮ ಏಡಿಗಳು ಕಾಣೆಯಾದವು. ನೀರು ಬಿಸಿಯಾಗಿ, ಬಿಸಿಯಲ್ಲಿ ಏಡಿಗೆ ಹಸಿವು ಜಾಸ್ತಿಯಾಗಿ, ತಿನ್ನಲು ಸಾಲದೆ ಸತ್ತವು ಎಂದು ವಿಜ್ಞಾನಿಗಳು 2023ರಲ್ಲಿ ಬರೆದರು. 2022ರ ಅಕ್ಟೋಬರಿನಲ್ಲಿ ಆ ಮೀನುಗಾರಿಕೆಯನ್ನೇ ಮುಚ್ಚಿದರು. ಸರಿ, ಬಿಸಿ ನೀರು ನಮ್ಮ ಕೈಯಲ್ಲಿಲ್ಲ. ಆದರೆ ಅಲ್ಲಿ ವರ್ಷಾ ವರ್ಷ ಎಣಿಸುತ್ತಿದ್ದುದರಿಂದ ಕಾಣೆಯಾದದ್ದು ಗೊತ್ತಾಯಿತು, ಕೈ ತಡೆದರು. ನಮ್ಮಲ್ಲಿ ಹಾಗಾದರೆ ಗೊತ್ತಾಗುವುದು ದೋಣಿಯವನು ಉಪ್ಪನ ಅಂಗಡಿಯ ಸಾಲ ತೀರಿಸಲು ಬಾರದೆ ಹೋದಾಗ. ಮಳೆ ಜೋರಾಗುತ್ತದೆ ಎಂದು ಗೊತ್ತಿದ್ದವನು ಮಾಡು ಸರಿ ಮಾಡಿಸುತ್ತಾನೆ, ಇದ್ದ ಹಂಚನ್ನೂ ತೆಗೆದು ಮಾರುವುದಿಲ್ಲ.

‘ನಾವು ಬಿಟ್ಟರೆ ಆಚೆಯವರು ಹಿಡಿಯುತ್ತಾರೆ.’ ಗಡಿಯವರಾದ ನಮಗೆ ಇದು ಬಾಯಿಪಾಠ. ತಲಪಾಡಿಯ ಈಚೆ ಕೇರಳ, ಆಚೆ ಕರ್ನಾಟಕ. ಕರ್ನಾಟಕದ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ರಜೆ. ಕೇರಳದಲ್ಲಿ ಟ್ರಾಲ್ ಬೋಟಿಗೆ ಜೂನ್ 9ರ ನಡುರಾತ್ರಿಯಿಂದ 52 ದಿನ. ನಡುವಿನ ಒಂಬತ್ತು ದಿನ ಒಂದು ಕಡೆ ಹರಾಮ್, ಇನ್ನೊಂದು ಕಡೆ ಹಲಾಲ್ ಎಂಬ ಹಾಗೆ. ಏಡಿಗೆ ಚೆಕ್‌ಪೋಸ್ಟ್ ಗೊತ್ತಿಲ್ಲ. ಚೆಸಪೀಕಿನಲ್ಲೂ ಹೆಣ್ಣು ಏಡಿ ಮೊಟ್ಟೆ ಇಡಲು ಮೇರಿಲ್ಯಾಂಡಿನಿಂದ ವರ್ಜೀನಿಯಾದ ಉಪ್ಪು ನೀರಿಗೆ ಇಳಿದು ಹೋಗುತ್ತದೆ. ಅವರೂ ಬಹಳ ಕಾಲ ‘ಆಚೆಯವರು’ ಎಂದು ಬೈದುಕೊಂಡವರೇ. ಕೊನೆಗೆ ಒಟ್ಟಿಗೆ ಎಣಿಸಿದರು, ಒಟ್ಟಿಗೆ ಕಡಿತ ಮಾಡಿದರು. ಎರಡೂ ಕಡೆ ನೆಂಟರಿರುವ, ಎರಡೂ ಕಡೆಯ ಭಾಷೆ ಗೊತ್ತಿರುವ, ಬೆಳಗ್ಗೆ ಮಂಗಳೂರು ದಕ್ಕೆ, ಸಂಜೆ ಕಾಸರಗೋಡು ಮಾರ್ಕೆಟು ನೋಡುವ ಬ್ಯಾರಿಗಳಿಗಿಂತ ಈ ಮಾತನ್ನು ಎರಡೂ ಕಡೆ ಹೇಳಲು ಯೋಗ್ಯರು ಬೇರೆ ಯಾರಿದ್ದಾರೆ?

ಕಾನೂನು ಇಲ್ಲದೆ ಇಲ್ಲ. ಕೇರಳ ಸರಕಾರ 2015ರಲ್ಲಿ 14 ಜಾತಿಗಳಿಗೆ, 2017ರಲ್ಲಿ ವಿಸ್ತರಿಸಿ ಒಟ್ಟು 58 ಜಾತಿಗಳಿಗೆ ಕನಿಷ್ಠ ಗಾತ್ರ ನಿಗದಿ ಮಾಡಿದೆ. ಅದಕ್ಕಿಂತ ಸಣ್ಣದು ಹಿಡಿಯಬಾರದು. ಆದರೆ ನಮ್ಮಲ್ಲಿ ಗೋಡೆಗೆ ಅಂಟಿಸಿದ ಕಾಗದ ಮಲಯಾಳದಲ್ಲಿದೆ. ಕನ್ನಡ ಶಾಲೆಯಲ್ಲಿ ನಾಲ್ಕು ಕ್ಲಾಸು ಓದಿ ದೋಣಿ ಹತ್ತಿದವನು ಅದನ್ನು ಓದುವುದು ಹೇಗೆ? ಓದಿದರೂ ಅಳೆಯುವುದು ಯಾವುದರಲ್ಲಿ? ಅಲೆಯ ಮೇಲೆ, ಕತ್ತಲಲ್ಲಿ, ಕೈಗೆ ಕೊಂಬು ಕಚ್ಚುತ್ತಿರುವಾಗ ಸ್ಕೇಲು ಹಿಡಿಯಲು ಸಾಧ್ಯವೇ?

ವರ್ಕ್‌ಶಾಪಿನಲ್ಲಿ ಇದಕ್ಕೆ ಹಳೆಯ ಉಪಾಯ ಇದೆ. ಸಾವಿರ ಶಾಫ್ಟು ತಯಾರಾದಾಗ ಒಂದೊಂದನ್ನೂ ಅಳೆಯುತ್ತಾ ಕೂರುವುದಿಲ್ಲ. ‘ಗೋ, ನೋ ಗೋ’ ಗೇಜು ಹಿಡಿಯುತ್ತೇವೆ. ಸಂದಿಯೊಳಗೆ ಹೋಯಿತೋ ಇಲ್ಲವೋ, ಅಷ್ಟೇ. ಓದು ಬರಹ ಬೇಡ. ನಾನು ಅಲ್ಯೂಮಿನಿಯಂ ಶೀಟಿನಲ್ಲಿ ನೀಲಿ ಏಡಿಗೆಂದು 11 ಸೆಂಟಿಮೀಟರಿನ ಸಂದಿ ಕತ್ತರಿಸಿದ್ದೇನೆ. ಬೆನ್ನಿನ ಎರಡು ಬದಿಯ ಉದ್ದ ಮುಳ್ಳುಗಳ ತುದಿಯಿಂದ ತುದಿಗೆ ಹಿಡಿಯಬೇಕು. ಒಳಗೆ ಸಲೀಸಾಗಿ ಇಳಿದರೆ ಸಣ್ಣದು, ನೀರಿಗೆ. ತಡೆದು ನಿಂತರೆ ಕ್ರೇಟಿಗೆ. ಹನ್ನೊಂದೇ ಯಾಕೆ ಎಂದರೆ, ಹೆಣ್ಣು ಮೊದಲ ಸಲ ಮೊಟ್ಟೆ ಇಡುವುದು ಒಂಬತ್ತು ಹತ್ತರ ಆಸುಪಾಸಿನಲ್ಲಿ. ಒಂದು ಸಲವಾದರೂ ಮೊಟ್ಟೆ ಇಡಲಿ ಎಂದು ಒಂದು ಸೆಂಟಿಮೀಟರ್ ಹೆಚ್ಚು ಕೊಟ್ಟೆ. ಎಂಜಿನಿಯರ್‌ಗಳು ಇದನ್ನು ಸೇಫ್ಟಿ ಫ್ಯಾಕ್ಟರ್ ಎನ್ನುತ್ತಾರೆ, ಉಮ್ಮ ಇದನ್ನು ಬರ್ಕತ್ ಎನ್ನುತ್ತಾರೆ.

ನಾನು ಕೇಳುವುದು ಮೂರು. ಒಂದು, ಏಲಂನಲ್ಲಿ ಸಣ್ಣ ಏಡಿಗೆ ದರ ಕೂಗಬೇಡಿ. ಎರಡು, ಹೊಟ್ಟೆಯಡಿ ಮೊಟ್ಟೆ ಹೊತ್ತದ್ದನ್ನು ಖರೀದಿ ಮಾಡಬೇಡಿ. ಆ ಮೊಟ್ಟೆ ಮೊದಲು ಕಿತ್ತಳೆ ಬಣ್ಣ ಇರುತ್ತದೆ, ಬಲಿಯುತ್ತಾ ಕಂದಾಗಿ ಕಪ್ಪಾಗುತ್ತದೆ. ಕಪ್ಪಾದದ್ದು ಇನ್ನೇನು ಒಡೆಯುವ ಹಂತದ್ದು. ಬಲೆಯಲ್ಲಿ ಜೀವ ಇದ್ದರೆ ಎರಡು ನೂಲು ಕತ್ತರಿಸಿ ಅಲ್ಲೇ ಬಿಡಿ, ನೂಲಿನ ಖರ್ಚಿಗೆ ಖರೀದಿದಾರರೇ ಒಂದು ಡಬ್ಬಿ ಇಡಲಿ. ಟ್ರಾಲ್ ಬೋಟಿನಲ್ಲಿ ಬಂದದ್ದು ಬಿಟ್ಟರೂ ಬದುಕುವುದು ಕಷ್ಟ ಎಂಬುದು ನನಗೂ ಗೊತ್ತು. ಅದಕ್ಕೆ ಬಲೆಯ ಕಣ್ಣು ದೊಡ್ಡದು ಮಾಡುವುದೇ ದಾರಿ. ಮೂರು, ತಿಂಗಳಿಗೊಮ್ಮೆ ನೂರು ಏಡಿ ಅಳೆದು ಪುಸ್ತಕದಲ್ಲಿ ಬರೆಯೋಣ. ಅಗಲ, ಗಂಡೋ ಹೆಣ್ಣೋ, ಮೊಟ್ಟೆ ಇತ್ತೋ, ಎಷ್ಟು ಲೀಟರ್ ಸೀಮೆಎಣ್ಣೆ ಸುಟ್ಟು ತಂದದ್ದು. ಮದ್ರಸದಲ್ಲಿ ಕೂತಿರುವ ಹತ್ತನೇ ಕ್ಲಾಸಿನ ಮಕ್ಕಳಿಗೂ ಬರುವ ಕೆಲಸ. ಮೂರು ವರ್ಷದ ಪುಸ್ತಕ ಕೈಯಲ್ಲಿದ್ದರೆ ಎರಡೂ ರಾಜ್ಯದ ಅಧಿಕಾರಿಗಳ ಮುಂದೆ ಬಾಯಿ ತೆರೆಯಬಹುದು.

‘ಬಡವನ ಹೊಟ್ಟೆಗೆ ಹೊಡೆಯುತ್ತೀಯಾ?’ ಎಂಬುದು ಕೊನೆಯ ಮಾತು, ನನ್ನನ್ನು ನಿದ್ದೆಗೆಡಿಸಿದ ಮಾತೂ ಅದೇ. ಮೊದಲ ಕೆಲವು ತಿಂಗಳು ದೋಣಿಯವನಿಗೆ ನಷ್ಟ ಇದೆ, ನಿಜ. ಅದನ್ನು ಅವನೊಬ್ಬನ ತಲೆಗೆ ಕಟ್ಟುವವರು ಕಟುಕರು. ಆದರೆ ಏಡಿ ಮುಗಿದ ದಿನ ಮೊದಲು ಸಾಯುವವನು ಯಾರು? ದೊಡ್ಡ ಬೋಟಿನವನು ಗೋವಾದವರೆಗೆ ಹೋಗುತ್ತಾನೆ. ವ್ಯಾಪಾರಿ ಬೇರೆ ಊರಿನ ಮಾಲು ತರಿಸುತ್ತಾನೆ. ನಾಡದೋಣಿಯವನಿಗೆ ಇದೇ ಕಡಲು, ಇದೇ ದಡ.

ಈ ವಿಷಯ ಉಪ್ಪನ ಹತ್ತಿರ ಮಾತಾಡಿದೆ. ಅವರಿಗೀಗ ಎಪ್ಪತ್ತು ದಾಟಿದೆ, ಗಲ್ಲಾದಲ್ಲಿ ಕೂರುವುದು ಮಾತ್ರ. ಪೂರ್ತಿ ಕೇಳಿ, ಸಾಲದ ಪುಸ್ತಕ ತೆಗೆದು ಎರಡು ಪುಟ ಮಗುಚಿದರು. ಸೀಸನ್ ಕಳೆಯುವವರೆಗೆ ಸಣ್ಣ ಏಡಿ ತರದ ದೋಣಿಯವರ ಸಾಲಕ್ಕೆ ಅವಸರ ಮಾಡುವುದಿಲ್ಲ ಎಂದರು. ಅವರಿಗೆ ಅಷ್ಟು ಸಾಧ್ಯ. ಉಳಿದ ಅಂಗಡಿಯವರು, ಮಂಜುಗಡ್ಡೆಯವರು, ಖರೀದಿಯವರು ತಮ್ಮಿಂದ ಎಷ್ಟು ಸಾಧ್ಯ ಎಂದು ಹೇಳಲಿ.

ಹನ್ನೆರಡು ಗೇಜು ಕತ್ತರಿಸಿ ಅಂಗಡಿಯ ಮೊಳೆಗೆ ನೇತು ಹಾಕಿದ್ದೇನೆ. ಬೇಕಾದವರು ತೆಗೆದುಕೊಂಡು ಹೋಗಬಹುದು, ಹಣ ಬೇಡ. ಚಾ ಅಂಗಡಿಯ ನಮ್ಮ ಕಾಕನಿಗೆಂದು ಒಂದನ್ನು ಬೇರೆಯೇ ಇಟ್ಟಿದ್ದೇನೆ. ಮುಂದಿನ ಸಲ ರಾಶಿ ಬಿದ್ದಾಗ ವಿಡಿಯೋ ತೆಗೆಯುವ ಮೊದಲು ಅದರಲ್ಲಿ ನೂರು ಏಡಿ ಹಿಡಿದು ನೋಡಲಿ. ಎಷ್ಟು ಒಳಗೆ ಇಳಿದವು ಎಂದು ಅವರೇ ಹೇಳಲಿ.